ಧನಲಕ್ಷ್ಮಿಯ ಹೊಟ್ಟೆಯ ಚೂರು

ಮಾಕಳಿ
17 ಜನವರಿ 2014

ಮಗಳೇ ದಿವ್ಯ,

ಹಬ್ಬ ಮುಗಿದ ಮೂರನೆಯ ದಿನ ಬರೆಯುತ್ತಿದ್ದೇನೆ. ಮನೆಯಲ್ಲಿ ಎಲ್ಲರೂ ನೆಟ್ಟಗಿದ್ದಾರೆ, ಒಬ್ಬಳನ್ನು ಬಿಟ್ಟು. ಆ ಒಬ್ಬಳ ವಿಷಯಕ್ಕೇ ಈ ಕಾಗದ. ಫೋನು ಮಾಡೋಣವೆಂದರೆ ಮಾರುಕಟ್ಟೆ ಯಾರ್ಡಿನ ಗದ್ದಲದಲ್ಲಿ ಕಿವಿ ಮಂದವಾದವನು ನಾನು. ಮೊಬೈಲು ನನಗೆ ಕೇಳುವಷ್ಟು ಜೋರು ಮಾಡಿದರೆ ಇಡೀ ಬೀದಿಗೆ ಕೇಳುತ್ತದೆ. ಯಶವಂತಪುರದಲ್ಲಿ ಮೂವತ್ತನಾಲ್ಕು ವರ್ಷ ಮೂಟೆ ತೂಗುತ್ತಾ, ಚೀಲದ ಮೇಲಿನ ಅಚ್ಚು ನೋಡಿ ಅಕ್ಷರ ಕಲಿತೆ. ಬರೆದರೆ ತಲೆಯೂ ನೆಟ್ಟಗಾಗುತ್ತದೆ.

ಶಿವರಾಮನ ಹೆಂಡತಿ ಧನಲಕ್ಷ್ಮಿಯನ್ನು ನೀನು ಮದುವೆಯಲ್ಲಿ ನೋಡಿದ್ದೆ. ಬಂದ ಹೊಸತರಲ್ಲಿ ಮನೆ ಬೆಳಗಿದಳು ಎನ್ನಬೇಕು. ಮೊನ್ನಿನ ದೀಪಾವಳಿಯಲ್ಲ, ಅದರ ಹಿಂದಿನ ವರ್ಷದ ದೀಪಾವಳಿಗೆ ಟ್ಯಾಂಕರ್ ನೀರು ಕುಡಿದು ಮನೆಮಂದಿಗೆಲ್ಲ ಜ್ವರ, ಭೇದಿ ಆಯಿತು. ಐದು ದಿನಕ್ಕೆ ನಾವೆಲ್ಲ ಎದ್ದೆವು. ಇವಳು ಇನ್ನೂ ಎದ್ದಿಲ್ಲ. ಎದ್ದಿಲ್ಲ ಎಂದರೆ ಪೂರ್ತಿ ಎದ್ದಿಲ್ಲವೆಂದಲ್ಲ. ಬೇಕಾದಾಗ ಏಳುತ್ತಾಳೆ, ಬೇಡದಾಗ ಮಲಗುತ್ತಾಳೆ. ಸಂಕ್ರಾಂತಿಗೆ ಮುಂಚೆ ಎಳ್ಳು ಹುರಿದಳು, ಕೊಬ್ಬರಿ ಹೆಚ್ಚಿದಳು, ಹರಟೆ ಹೊಡೆದಳು. ಹಬ್ಬದ ದಿನ ನೆಂಟರು ಬಂದರೆ ಮುಸುಕು ಹಾಕಿ ಮಲಗಿದ್ದಾಳೆ! ನಿನ್ನ ದೊಡ್ಡಮ್ಮ ಅರವತ್ತು ವರ್ಷದ ಮೈಯಲ್ಲಿ ಒಬ್ಬಳೇ ಒದ್ದಾಡಿದಳು. ಅವಳ ತಮ್ಮ ಮುನಿಯಲ್ಲಪ್ಪ ಎಲ್ಲರೆದುರು ಕೇಳಿಯೇಬಿಟ್ಟ: “ಏನ್ ಬಾವ, ನಿಮ್ ಸೊಸೆ ಅರಮನೇಲಿ ಉಟ್ಟವ್ಳಾ?”

ನನಗೆ ತಲೆ ತಗ್ಗಿತು. ತೋರಿಸದ ಡಾಕ್ಟರಿಲ್ಲ, ರಕ್ತ ನೋಡಿದರೆ ಎಲ್ಲ ಸರಿಯಿದೆ ಎನ್ನುತ್ತಾರೆ. ಶಿವರಾಮ ಟೆಂಪೋ ಓಡಿಸಿ ಬಂದು ತಾನೇ ತಟ್ಟೆ ಹಾಕಿಕೊಂಡು ಉಣ್ಣುತ್ತಾನೆ. ಅವಳನ್ನು ತವರಿಗೆ ಕಳಿಸಿಬಿಡಿ ಎಂದು ಮುನಿಯಲ್ಲಪ್ಪ ಹಬ್ಬದಿಂದಲೇ ಶುರುಮಾಡಿದ್ದಾನೆ. ನೀನು ಆಸ್ಪತ್ರೆಯ ಕೆಲಸದವಳು. ಒಂದು ಮಾತು ಬರೆ: ಇದು ಕಾಯಿಲೆಯೋ, ಸೋಮಾರಿತನವೋ? ಸೋಮಾರಿತನ ಎಂದರೂ ಬೇಸರವಿಲ್ಲ. ತಿಳಿಯದೆ ಸಿಟ್ಟು ಮಾಡಿಕೊಂಡು ಕೂರುವುದು ನನ್ನಿಂದಾಗದು.

ನಿನ್ನ ದೊಡ್ಡಪ್ಪ
ಚಿಕ್ಕಮುನಿಯಪ್ಪ


ಪುಣೆ
3 ಫೆಬ್ರವರಿ 2014

ದೊಡ್ಡಪ್ಪಾ,

ಅಪ್ಪ ಹೋದಮೇಲೆ ನನಗೆ ಕಾಗದ ಬರೆಯುವವರು ನೀವೊಬ್ಬರೇ. ಅದಕ್ಕೇ ಬೈಯದೆ ಉತ್ತರಿಸುತ್ತಿದ್ದೇನೆ.

ನಾನು ಡಾಕ್ಟರಲ್ಲ. ದೇಹದಿಂದ ತೆಗೆದ ಚೂರುಗಳನ್ನು ತೆಳ್ಳಗೆ ಕೊಯ್ದು, ಬಣ್ಣ ಹಾಕಿ, ಮೈಕ್ರೋಸ್ಕೋಪಿಗೆ ಸಿದ್ಧ ಮಾಡುವ ಟೆಕ್ನಿಷಿಯನ್. ಆದರೆ ನಿಮ್ಮ ಕಾಗದದ ಒಂದು ವಾಕ್ಯದಲ್ಲಿ ನನ್ನ ಕಣ್ಣು ನಿಂತಿತು: ಹಬ್ಬಕ್ಕೆ ಮುಂಚೆ ಎಲ್ಲ ಮಾಡಿದಳು, ಹಬ್ಬದ ದಿನ ಮಲಗಿದಳು. ಇದು ಸೋಮಾರಿತನದ ರೀತಿಯಲ್ಲ. ಸೋಮಾರಿಗಳು ಮೊದಲು ಮಲಗಿ, ಊಟಕ್ಕೆ ಏಳುತ್ತಾರೆ.

ಒಂದು ತಿಂಗಳು ದಿನಾ ಬರೆದಿಡಿ. ಅವಳು ಏನು ಮಾಡಿದಳು, ಮಾರನೆಯ ದಿನ ಹೇಗಿದ್ದಳು, ಅದರ ಮಾರನೆಯ ದಿನ ಹೇಗಿದ್ದಳು. ಮೂಟೆ ತೂಗುವಾಗ ನೀವು ಯಾರ ಪರವೂ ಇರುತ್ತಿರಲಿಲ್ಲವಂತೆ, ಹಾಗೆಯೇ ಬರೆಯಿರಿ. ಕದ್ದು ಬರೆಯಬೇಡಿ, ಅವಳಿಗೆ ಹೇಳಿಯೇ ಬರೆಯಿರಿ.

ದಿವ್ಯ


ಮಾಕಳಿ
10 ಮಾರ್ಚ್ 2014

ಮಗಳೇ,

ಬರೆದೆ. ಅವಳಿಗೆ ಹೇಳಲಿಲ್ಲ. ಹೇಳಿದರೆ ಬೇಕೆಂದೇ ನರಳಿಯಾಳು ಎಂಬ ಅನುಮಾನ ನನಗೆ. ಆ ಅನುಮಾನದ ಮೇಲೆ ಈಗ ನಾನೇ ಉಗಿಯಬೇಕು.

ನೋಡು. ಫೆಬ್ರವರಿ 16: ಎರಡು ಬಕೆಟ್ ಬಟ್ಟೆ ಒಗೆದಳು, ಗುನುಗುತ್ತಿದ್ದಳು. 17: ಪರವಾಗಿಲ್ಲ, ಮಧ್ಯಾಹ್ನದ ಮೇಲೆ ಗೋಡೆ ಹಿಡಿದು ನಡೆದಳು. 18: ಏಳಲಿಲ್ಲ. ಬಾಚಣಿಗೆ ಎತ್ತಲಾಗದೆ ಕೈ ಕೆಳಗೆ ಬಿತ್ತು. ಕಿಟಕಿಯ ಬೆಳಕಿಗೆ ಸೆರಗು ಮುಚ್ಚಿಕೊಂಡಳು. 19: ಅದೇ. 23: ಗಾರ್ಮೆಂಟ್ಸಿಗೆ ಹೋಗುವ ನಾದಿನಿ ವನಿತಾಳಿಗೆ ರೊಟ್ಟಿ ತಟ್ಟಿಕೊಟ್ಟಳು, ಮನೆ ಸಾರಿಸಿದಳು. 25: ಮತ್ತೆ ನೆಲ ಹಿಡಿದಳು. ತಿಂಗಳಲ್ಲಿ ಆರು ಸಲ ಹೀಗಾಯಿತು, ಒಂದು ಸಲವೂ ಲೆಕ್ಕ ತಪ್ಪಲಿಲ್ಲ. ನಾವು ನೋಡಿದ್ದು ಮೊದಲನೆಯ ದಿನ, ಬೈದದ್ದು ಮೂರನೆಯ ದಿನ. ನಡುವಿನ ದಿನ ನಮಗೆ ಯಾರಿಗೂ ಕಣ್ಣಿಗೆ ಬೀಳಲೇ ಇಲ್ಲ.

ಈಗ ನನ್ನ ಸಿಟ್ಟು ಡಾಕ್ಟರುಗಳ ಕಡೆ ತಿರುಗಿದೆ. ಗೊರಗುಂಟೆಪಾಳ್ಯದ ಹತ್ತಿರದ ಕ್ಲಿನಿಕ್ಕಿನವನು ನಾಲ್ಕು ಸಲ ಆಂಟಿಬಯೋಟಿಕ್ ಬರೆದ; ನಾಲ್ಕು ಸಲವೂ ಹೊಟ್ಟೆಯುರಿ ಹೆಚ್ಚಾಯಿತು. ಇನ್ನೊಬ್ಬ “ಟೆನ್ಷನ್ ಕಣಮ್ಮ, ದಿನಾ ವಾಕಿಂಗ್ ಮಾಡು” ಎಂದ. ಪಾಪ, ನಾಗಸಂದ್ರದವರೆಗೆ ನಡೆದು ಬಂದಳು, ನಾಲ್ಕು ದಿನ ಮಲಗಿದಳು. ಅದಕ್ಕೂ ನಾವು ಬೈದೆವು. ಮೂರನೆಯವಳು ಹೆಂಗಸು, ಹೆಂಗಸಿಗಾದರೂ ಅರ್ಥವಾದೀತು ಎಂದರೆ “ಒಂದು ಮಗು ಆಗ್ಲಿ, ಎಲ್ಲಾ ಸರಿಹೋಗತ್ತೆ” ಎಂದಳು. ತಲೆ ಬಾಚಿಕೊಳ್ಳಲಾಗದವಳು ಮಗು ಎತ್ತಿಕೊಳ್ಳುವುದು ಹೇಗಮ್ಮಾ? ಒಬ್ಬರಾದರೂ ಅವಳ ಮುಖ ನೋಡಿ ಮಾತನಾಡಲಿಲ್ಲ; ರಿಪೋರ್ಟಿನ ಜೊತೆ ಮಾತನಾಡಿ ಕಳಿಸಿದರು.

ಹೋದ ಜೂನ್‌ನಲ್ಲಿ ಹೆಬ್ಬಾಳದ ಕಡೆಯ ಒಂದು ದೊಡ್ಡ ಆಸ್ಪತ್ರೆಯಲ್ಲಿ ಬಾಯಿಂದ ಪೈಪು ಬಿಟ್ಟು ಹೊಟ್ಟೆ ನೋಡಿ ಚೂರನ್ನೂ ತೆಗೆದಿದ್ದರು. “ಸಾಧಾರಣ ಉರಿಯೂತ, ಬೇರೇನಿಲ್ಲ” ಎಂದು ಬಂತು. ಆ “ಬೇರೇನಿಲ್ಲ” ಎಂಬ ಒಂದು ಪದವನ್ನು ಹಿಡಿದುಕೊಂಡು ಮುನಿಯಲ್ಲಪ್ಪ ಊರೆಲ್ಲ ತಿರುಗುತ್ತಿದ್ದಾನೆ.

ದೊಡ್ಡಪ್ಪ


ಪುಣೆ
26 ಮಾರ್ಚ್ 2014

ದೊಡ್ಡಪ್ಪಾ,

ನಿಮ್ಮ ಪಟ್ಟಿಯನ್ನು ನಮ್ಮ ಲ್ಯಾಬಿನ ಡಾಕ್ಟರ್ ಸರ್‌ಗೆ ಓದಿ ಹೇಳಿದೆ. ಅವರು ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು ಎರಡನೆಯ ಸಲ ಓದಿಸಿದರು.

ತಿಳಿದಷ್ಟು ಹೇಳುತ್ತೇನೆ. ಕೆಟ್ಟ ನೀರಿನಿಂದ ಕರುಳಿಗೆ ಇಳಿಯುವ ಕೆಲವು ವೈರಸ್‌ಗಳಿವೆ. ಹೆಚ್ಚಿನವರಲ್ಲಿ ವಾರದೊಳಗೆ ಹೊರಟುಹೋಗುತ್ತವೆ. ಕೆಲವರಲ್ಲಿ ಜಠರದ ಒಳಪದರದಲ್ಲಿ ಅವುಗಳ ಗುರುತು ವರ್ಷಗಟ್ಟಲೆ ಉಳಿಯುತ್ತದೆ, ಈ ಬಗೆಯ ದೀರ್ಘ ಸುಸ್ತಿಗೆ ಅದೂ ಒಂದು ಕಾರಣವಿರಬಹುದು ಎಂದು ಹೊರದೇಶದ ಕೆಲವು ವೈದ್ಯರು ಹೇಳುತ್ತಾರೆ. ಬೇರೆಯವರು ಒಪ್ಪುವುದಿಲ್ಲ. ಜಗಳ ಇನ್ನೂ ಮುಗಿದಿಲ್ಲ. ಆದರೆ ಒಂದು ಮಾತು: ಇಷ್ಟು ತಿಂಗಳಾದ ಮೇಲೆ ರಕ್ತದಲ್ಲಿ ಹುಡುಕಿದರೆ ಸಿಗುವ ಸಂಭವ ತೀರಾ ಕಡಿಮೆ. ಆಂಟಿಬಯೋಟಿಕ್ ಅಂತೂ ವೈರಸ್‌ಗೆ ಏನೂ ಮಾಡದು. ಅದನ್ನು ನಿಲ್ಲಿಸಿ.

ಹೋದ ವರ್ಷ ತೆಗೆದ ಚೂರನ್ನು ಆಸ್ಪತ್ರೆಯವರು ಎಸೆದಿರುವುದಿಲ್ಲ. ಮೇಣದಲ್ಲಿ ಹುದುಗಿಸಿ ಬಿಲ್ಲೆ ಮಾಡಿ ವರ್ಷಗಟ್ಟಲೆ ಇಡುತ್ತಾರೆ. ಅದನ್ನು ಬ್ಲಾಕ್ ಎನ್ನುತ್ತೇವೆ. ಸರ್ ನಡೆಸುತ್ತಿರುವ ಸಣ್ಣ ಅಧ್ಯಯನದಲ್ಲಿ ಅದಕ್ಕೆ ಬೇರೆ ಬಣ್ಣ ಹಾಕಿ ನೋಡಬಹುದು. ವೈರಸ್‌ನ ಗುರುತಿದ್ದರೆ ಕಂದು ಬಣ್ಣ ಕಾಣುತ್ತದೆ. ಅವಳು ಮತ್ತೆ ಪೈಪು ನುಂಗಬೇಕಿಲ್ಲ. ಧನಲಕ್ಷ್ಮಿಯ ಹೆಸರಿನಲ್ಲಿ ಸರ್ ಕೊಟ್ಟ ಕೋರಿಕೆ ಪತ್ರ ಇದರೊಂದಿಗಿದೆ. ಹೋಗಿ ಕೇಳಿ.

ದಿವ್ಯ


ಮಾಕಳಿ
21 ಏಪ್ರಿಲ್ 2014

ದಿವ್ಯಮ್ಮಾ,

ಮೂರು ಸಲ ಹೋಗಿ ಬಂದೆ. ಮೂರು ಸಲವೂ ಬಸ್ಸಿನಲ್ಲಿ ನಿಂತೇ ಹೋದೆ, ನಿಂತೇ ಕಾದೆ, ನಿಂತೇ ಬೈಸಿಕೊಂಡೆ. ಗಾಜಿನ ಹಿಂದಿನ ಹುಡುಗಿ ಕಂಪ್ಯೂಟರ್ ಕುಟ್ಟಿ, “ಅಜ್ಜ, ಧನಲಕ್ಷ್ಮಿ ಅನ್ನೋ ಪೇಷೆಂಟೇ ನಮ್ಮಲ್ಲಿ ಇಲ್ಲ” ಎಂದಳು.

“ಇಲ್ಲ ಅಂದ್ರೆ? ಅವತ್ತು ಪೈಪು ನುಂಗಿದ್ದು ನಾನಾ?”

“ರಿಪೋರ್ಟ್ ತಂದಿದ್ದೀರಾ?”

ಮನೆಯಲ್ಲಿ ಎಲ್ಲೋ ಸೇರಿಕೊಂಡಿದೆ ಎಂದೆ. ತಾರೀಖು ಹೇಳಿದೆ. ತಾರೀಖಿನಿಂದ ಹುಡುಕಲು ಬರುವುದಿಲ್ಲವಂತೆ. ಮನುಷ್ಯರ ಹೊಟ್ಟೆಗೆ ಕೈಹಾಕಿ ಚೂರು ಕಿತ್ತುಕೊಳ್ಳಲು ಬರುತ್ತದೆ, ಅದನ್ನು ಎಲ್ಲಿಟ್ಟೆವೆಂದು ನೋಡಲು ಬರುವುದಿಲ್ಲ!

ನೀನು ಬರೆದದ್ದು ನನಗೆ ಚೆನ್ನಾಗಿ ಅರ್ಥವಾಗಿದೆ ಕಣಮ್ಮಾ. ಯಾರ್ಡಿಗೆ ಬರುವ ಬೇಳೆ ಚೀಲದ ಬಾಯಿ ಬಿಚ್ಚಿದರೆ ಚಿನ್ನ ಕಂಡಹಾಗಿರುತ್ತದೆ. ಚೀಲದ ಹೊಟ್ಟೆಗೆ ಕಬ್ಬಿಣದ ಕೊಳವೆ ಚುಚ್ಚಿ ಒಳಗಿನ ಬೇಳೆ ತೆಗೆದರೆ ಮಾತ್ರ ಹುಳ ಹಿಡಿದದ್ದು ತಿಳಿಯುವುದು. ರಕ್ತ ನೋಡಿ ಏನಿಲ್ಲ ಎಂದವರೆಲ್ಲ ಚೀಲದ ಬಾಯಿ ನೋಡಿ ಎದ್ದುಹೋದವರು. ಒಬ್ಬರು ಕೊಳವೆ ಚುಚ್ಚಿದರು, ಆ ಬೇಳೆಯನ್ನೂ ಕಳೆದುಹಾಕಿ ಕೂತಿದ್ದಾರೆ. ಬಡವರ ಹೊಟ್ಟೆ ಎಂದರೆ ಇಷ್ಟೇ ತಾನೇ?

ದೊಡ್ಡಪ್ಪ


ಪುಣೆ
8 ಮೇ 2014

ದೊಡ್ಡಪ್ಪಾ,

ನಿಮ್ಮ ಕಾಗದ ಓದಿದೆ. ಬ್ಲಾಕ್ ಕಳೆಯುವುದೆಂದರೆ ನಮ್ಮ ಕೆಲಸದಲ್ಲಿ ಅದಕ್ಕಿಂತ ದೊಡ್ಡ ತಪ್ಪಿಲ್ಲ. ಸರ್ ಬಳಿ ಜಗಳವಾಡಿದಂತೆ ಮಾತನಾಡಿ, ಆ ಆಸ್ಪತ್ರೆಯ ಮುಖ್ಯಸ್ಥರಿಗೆ ಕಟುವಾದ ಪತ್ರ ಬರೆಸಿದ್ದೇನೆ. ಒಂದು ಪ್ರತಿ ಅವರ ಮೇಲಿನವರಿಗೂ ಹೋಗಿದೆ. ನೋಡೋಣ, ಈಗ ಹೇಗೆ ಸಿಗುವುದಿಲ್ಲವೋ!

ರಿಪೋರ್ಟು ಹುಡುಕಿ. ಅದರ ಮೇಲಿನ ನಂಬರು ಸಿಕ್ಕರೆ ಸಾಕು. ಅಷ್ಟು ಒಪ್ಪವಾಗಿ ಕಾಗದ ಇಡುವ ನಿಮ್ಮ ಮನೆಯಲ್ಲಿ ಅದೊಂದೇ ಹೇಗೆ ಕಾಣೆಯಾಯಿತೋ ಕಾಣೆ.

ದಿವ್ಯ


ಮಾಕಳಿ
30 ಮೇ 2014

ದಿವ್ಯ,

ಈ ಕಾಗದವನ್ನು ನಾಲ್ಕು ಸಲ ಶುರುಮಾಡಿ ಹರಿದಿದ್ದೇನೆ.

ಮಂಗಳವಾರ ಮನೆ ಬಾಗಿಲಿಗೆ ಒಬ್ಬರು ಬಂದರು. ಹೆಸರು ಖಾದರ್ ಬಾಷಾ. ಆ ಆಸ್ಪತ್ರೆಯಲ್ಲಿ ನಿಮ್ಮ ಬ್ಲಾಕುಗಳನ್ನು ಜೋಡಿಸಿ ಕಾಯುವ ಮನುಷ್ಯ. ನಿಮ್ಮ ಸರ್ ಬರೆದ ಪತ್ರದಿಂದ ಅವರಿಗೆ ನೋಟಿಸ್ ಕೊಟ್ಟಿದ್ದಾರೆ: ಬ್ಲಾಕ್ ಕಳೆದದ್ದಕ್ಕೆ ನಿನ್ನನ್ನು ಯಾಕೆ ತೆಗೆದುಹಾಕಬಾರದು ಎಂದು. ಕೋರಿಕೆ ಪತ್ರದಲ್ಲಿದ್ದ ವಿಳಾಸ ಹಿಡಿದು ತಾವೇ ಹುಡುಕಿಕೊಂಡು ಬಂದಿದ್ದರು.

“ಯಜಮಾನ್ರೇ, ಜೂನ್ ತಿಂಗಳ ಟ್ರೇ ಎಲ್ಲಾ ಎರಡು ಸಲ ಇಳಿಸಿ ನೋಡ್ದೆ. ಹದಿನೆಂಟು ವರ್ಷದಲ್ಲಿ ನನ್ನ ಕೈಲಿ ಒಂದು ಬ್ಲಾಕ್ ಕಳೆದಿಲ್ಲ ಸ್ವಾಮಿ. ಏನಾದ್ರೂ ನೆನಪು ಮಾಡ್ಕೊಳ್ಳಿ, ಯಾವ ಡಾಕ್ಟ್ರು, ಎಷ್ಟು ಗಂಟೆ, ಏನಾದ್ರೂ.”

ಧನಲಕ್ಷ್ಮಿ ಎದ್ದು ಬಂದು ಅವರಿಗೆ ಕಾಫಿ ಕೊಟ್ಟು ನನ್ನ ಮುಖ ನೋಡಿದಳು. ನಾನು ಕಾಫಿ ಲೋಟ ನೋಡಿದೆ. ನೆನಪಿಲ್ಲ ಎಂದೆ. ಅವರು ಕೈಮುಗಿದು ಹೋದರು. ನನಗೆ ಕೈಮುಗಿದು!

ಬ್ಲಾಕ್ ಕಳೆದಿಲ್ಲ ಮಗಳೇ. ಅದು ವನಿತಾ ಎಂಬ ಹೆಸರಿನಲ್ಲಿದೆ. ವನಿತಾಳಿಗೆ ಗಾರ್ಮೆಂಟ್ಸಿನವರು ಆಸ್ಪತ್ರೆ ಕಾರ್ಡು ಕೊಟ್ಟಿದ್ದರು, ಧನಲಕ್ಷ್ಮಿಗೆ ಅಂಥದ್ದಿರಲಿಲ್ಲ. ಇಬ್ಬರಿಗೂ ಒಂದೇ ವಯಸ್ಸು, ಕಾರ್ಡಿನ ಫೋಟೋ ಮಸುಕು. ಉಪಾಯ ನನ್ನದೇ. ನಮ್ಮ ಬೀದಿಯಲ್ಲಿ ಇದನ್ನು ತಪ್ಪು ಎಂದು ಯಾರೂ ತಿಳಿಯುವುದಿಲ್ಲ. ಒಬ್ಬರ ಕಾರ್ಡಿನಲ್ಲಿ ಇನ್ನೊಬ್ಬರು ಹೋಗಿ ಬರುತ್ತಾರೆ. “ವನಿತಾ ಅಂತ ಕೂಗಿದ್ರೆ ಎದ್ದು ಓಗು” ಎಂದು ಅವಳಿಗೆ ಹೇಳಿದ್ದೆ. ನರ್ಸು ಮೂರು ಸಲ ಕೂಗಿದಳು, ಇವಳು ಏಳಲಿಲ್ಲ. ನಾನೇ ಮೊಣಕೈಯಿಂದ ತಿವಿದೆ.

ನಿಮ್ಮ ಸರ್ ಪತ್ರದಲ್ಲಿ ಧನಲಕ್ಷ್ಮಿ ಎಂದಿತ್ತು. ತಾರೀಖು ಹೇಳಿದರೆ ಸಿಕ್ಕೀತು, ಹೆಸರಿನ ಗೊಡವೆ ಬಾರದು ಎಂದುಕೊಂಡೆ. ಸಿಗದಿದ್ದಾಗ ನಿಜ ಹೇಳುವ ಬದಲು ಗಾಜಿನ ಹಿಂದಿನ ಹುಡುಗಿಯನ್ನು ಬೈದೆ, ನಿನ್ನೆದುರು ಬಡವರ ಹೊಟ್ಟೆ ಎಂದು ದೊಡ್ಡ ಮಾತು ಬರೆದೆ. ರಿಪೋರ್ಟು ಟ್ರಂಕಿನಲ್ಲೇ ಇದೆ. ಒಂದೂವರೆ ವರ್ಷ ಅವಳ ಕಾಯಿಲೆ ಕಾಯಿಲೆಯಲ್ಲ ಎಂದೆವು. ಆ ಕಾಯಿಲೆಯ ಚೂರು ಸಿಕ್ಕಾಗ ಅದು ಅವಳದ್ದಲ್ಲ ಎಂದು ಬರೆಸಿದೆವು. ಯಾರನ್ನು ಬೈಯಲಿ ಈಗ?

ದೊಡ್ಡಪ್ಪ


ಪುಣೆ
7 ಜೂನ್ 2014

ದೊಡ್ಡಪ್ಪನವರಿಗೆ,

ಸರ್‌ಗೆ ಎಲ್ಲ ಹೇಳಿದೆ. ಕೇಳಿ ಅವರು ತಾವೇ ಪೆನ್ನು ತೆಗೆದುಕೊಂಡರು. ಇವತ್ತೇ ಆಸ್ಪತ್ರೆಗೆ ಕ್ಷಮೆ ಕೇಳಿ ಬರೆದಿದ್ದಾರೆ.

ನನಗೆ ಬರೆದರೆ ಖಾದರ್ ಬಾಷಾ ಅವರ ನೋಟಿಸ್ ವಾಪಸಾಗುವುದಿಲ್ಲ. ನೀವೇ ಹೋಗಬೇಕು. ವನಿತಾಳನ್ನೂ ಕರೆದುಕೊಂಡು ಹೋಗಬೇಕು. ಈ ಕಾಗದ ತಲುಪಿದ ದಿನವೇ ಹೋಗುತ್ತೀರಿ ಎಂದು ನಂಬಿರುತ್ತೇನೆ.

ದಿವ್ಯ


ಮಾಕಳಿ
24 ಜೂನ್ 2014

ಮಗಳೇ,

ನಿನ್ನ ಕಾಗದ ಬರುವ ಮುಂಚೆಯೇ ಹೋಗಿದ್ದೆ. ಹೇಳಿಕೊಳ್ಳುವುದಕ್ಕಲ್ಲ. ನಿನಗೆ ಬರೆದು ಅಂಚೆಗೆ ಹಾಕಿದ ಮೇಲೆ ಮನೆಗೆ ಬಂದು ಕೂರಲಾಗಲಿಲ್ಲ, ಅಷ್ಟೆ.

ವನಿತಾ ದಾರಿಯುದ್ದಕ್ಕೂ ಅತ್ತಳು. “ಅಪ್ಪಾ, ಕೆಲ್ಸದಿಂದ ತೆಗೆದ್ರೆ ಏನ್ ಮಾಡ್ಲಿ? ಅತ್ತಿಗೆಗೋಸ್ಕರ ನಾನ್ಯಾಕೆ ಬಲಿಯಾಗ್ಲಿ?” ಧನಲಕ್ಷ್ಮಿ ಪಕ್ಕದಲ್ಲೇ ಕಂಬಿಗೆ ತಲೆಯಾನಿಸಿ ಕೂತಿದ್ದಳು, ಕೇಳಿಸಿದರೂ ಕೇಳದವಳ ಹಾಗೆ.

ಅಲ್ಲಿಯ ಅಧಿಕಾರಿ ಗೌಹರ್ ಎಂಬ ಹೆಣ್ಣುಮಗಳು. ಎಲ್ಲ ಕೇಳಿ, “ಇದು ಫ್ರಾಡ್ ಅಂತ ಗೊತ್ತಾ ನಿಮಗೆ?” ಎಂದರು.

“ಗೊತ್ತು ತಾಯಿ. ಅದ್ಕೇ ಬಂದಿವ್ನಿ.”

“ಇಷ್ಟು ದಿನ ನಮ್ಮ ಸ್ಟಾಫ್ ಮೇಲೆ ಕೂಗಾಡಿದ್ರಲ್ಲ?”

“ಅದೂ ನಾನೇ.”

ವನಿತಾಳೇ ಮುಂದೆ ಬಂದು, “ನಾನು ಯಾವತ್ತೂ ಪೈಪ್ ನುಂಗಿಲ್ಲ ಮೇಡಂ, ಬರ್ಕೊಡ್ತೀನಿ” ಎಂದಳು. ಅತ್ತು ಕೆಂಪಾದ ಮುಖದಲ್ಲೇ ಬರೆದಳು. ಅವಳ ಕಾರ್ಡು ರದ್ದಾಯಿತು. ಕಾರ್ಖಾನೆಯಲ್ಲಿ ಎಚ್ಚರಿಕೆ ಕೊಟ್ಟು ಬಿಟ್ಟಿದ್ದಾರೆ. ಖಾದರ್ ಬಾಷಾ ಅವರ ನೋಟಿಸ್ ಅಲ್ಲೇ ವಾಪಸಾಯಿತು. ಅವರು ಎರಡು ನಿಮಿಷದಲ್ಲಿ ಬಿಲ್ಲೆ ತಂದು ಅಂಗೈಯಲ್ಲಿಟ್ಟು ತೋರಿಸಿದರು. ಬಿಳಿ ಮೇಣದ ನಡುವೆ ಎಳ್ಳುಕಾಳಿನಷ್ಟು ಎರಡು ಚುಕ್ಕೆ. “ಇಷ್ಟಕ್ಕೇ ನನ್ನ ಅನ್ನ ಹೋಗ್ತಿತ್ತು ಯಜಮಾನ್ರೇ” ಎಂದು ನಕ್ಕರು. ಬೈದಿದ್ದರೆ ಚೆನ್ನಾಗಿತ್ತು. ಬಿಲ್ಲೆ ಇಷ್ಟರಲ್ಲಿ ನಿಮಗೆ ತಲುಪಿರಬೇಕು.

ಈಗ ಅವಸರದ ಮಾತು. ಆಷಾಢ ಬರುತ್ತಿದೆ. ಸೊಸೆಯನ್ನು ಆಷಾಢಕ್ಕೆ ತವರಿಗೆ ಕಳಿಸುವುದು ಇದ್ದದ್ದೇ ಎಂದು ಕಳಿಸಿ, ಶ್ರಾವಣಕ್ಕೆ ಕರೆತರದೆ ಬಿಟ್ಟುಬಿಡೋಣ ಎಂದು ಮುನಿಯಲ್ಲಪ್ಪ ಹೇಳಿಕೊಟ್ಟಿದ್ದಾನೆ. ಗಲಾಟೆಯಿಲ್ಲ, ಮಾತಿಲ್ಲ, ಬಾಗಿಲು ಮುಚ್ಚಿದರಾಯಿತು. ನಿನ್ನ ದೊಡ್ಡಮ್ಮ ಒಪ್ಪಿದ್ದಾಳೆ. ಶಿವರಾಮ ಬಾಯಿಬಿಡುತ್ತಿಲ್ಲ. ಪೂನಾದಿಂದ ಕಾಗದ ಬರಲಿ ಎಂದು ನಾನು ಹಟ ಹಿಡಿದೆ. ಆಷಾಢ ಮುಗಿಯುವ ಮುಂಚೆ, ಜುಲೈ 20ರ ಭಾನುವಾರ ಕುಲದ ಹಿರಿಯರು ನಮ್ಮ ಮನೆಯಲ್ಲಿ ಕೂತು ತೀರ್ಮಾನ ಮಾಡುತ್ತಾರೆ.

ನನಗೆ ಒಂದೇ ಸಾಲು ಬೇಕು. “ವೈರಸ್ ಇದೆ” ಎಂದು, ಮೊಹರು ಹಾಕಿ. ಸ್ವಲ್ಪ ಇದ್ದರೂ ಇದೆ ಎಂದೇ ಬರೆ. ಅವಳ ಸಂಸಾರ ಆ ಸಾಲಿನ ಮೇಲೆ ನಿಂತಿದೆ. ಅದಕ್ಕೆ ಮದ್ದೇನೆಂದೂ ತಿಳಿಸು.

ದೊಡ್ಡಪ್ಪ


ಪುಣೆ
11 ಜುಲೈ 2014

ದೊಡ್ಡಪ್ಪಾ,

ಫಲಿತಾಂಶ ಬಂದು ಆರು ದಿನವಾಯಿತು. ಬರೆಯಲು ಧೈರ್ಯ ಬಾರದೆ ಇಟ್ಟುಕೊಂಡಿದ್ದೆ.

ಎರಡು ಚೂರುಗಳಲ್ಲಿ ಒಂದರಲ್ಲಿ ಕೆಲವು ಕೋಶಗಳಲ್ಲಿ ಮಸುಕಾದ ಕಂದು ಕಂಡಿತು. ಇನ್ನೊಂದರಲ್ಲಿ ಏನೂ ಇಲ್ಲ. ಮತ್ತೆ ಮಾಡಿ ನೋಡಿದೆವು, ಹಾಗೆಯೇ ಬಂತು. ಇದೆ ಎನ್ನುವಷ್ಟು ಗಟ್ಟಿಯಿಲ್ಲ, ಇಲ್ಲ ಎಂದು ತಳ್ಳಿಹಾಕುವಂತೆಯೂ ಇಲ್ಲ ಎಂದು ಸರ್ ಬರೆದಿದ್ದಾರೆ. ಅದೇ ಒಳಗಿದೆ.

ಲೆಟರ್‌ಹೆಡ್ ನನ್ನ ಮೇಜಿನ ಮೇಲೇ ಇತ್ತು. ನಿಮ್ಮ ಆ ಒಂದು ಸಾಲು ಬರೆಯುವುದು ಎಷ್ಟು ಹೊತ್ತಿನ ಕೆಲಸ! ಎರಡು ದಿನ ಅದನ್ನೇ ನೋಡಿದೆ. ಬರೆಯಲಿಲ್ಲ. ಅವಳ ಚೂರಿನ ಮೇಲೆ ಒಂದು ಸಲ ಸುಳ್ಳು ಬರೆದದ್ದು ಸಾಕು.

ಮದ್ದಿನ ಮಾತು. ಹೊರದೇಶದಲ್ಲಿ ಕೆಲವರು ಗಿಡಮೂಲಿಕೆ ಮಾತ್ರೆ, ಕೆಲವರು ಬಲವಾದ ಇಂಜೆಕ್ಷನ್ ಕೊಟ್ಟು ನೋಡಿದ್ದಾರೆ. ಯಾವುದೂ ಖಾತ್ರಿಯಲ್ಲ, ತೊಂದರೆಗಳಿವೆ. ಗಟ್ಟಿಯಾಗಿ “ಇದೆ” ಎಂದು ಬಂದಿದ್ದರೂ ಕೊಡಲು ನನ್ನ ಕೈಯಲ್ಲಿ ಮದ್ದಿರಲಿಲ್ಲ. ಈಗ ಅವಳಿಗಿರುವುದು ಒಂದೇ: ಸುಸ್ತು ಬೀಳುವ ಮುಂಚೆಯೇ ನಿಲ್ಲುವುದು. ಅದನ್ನು ಅಂಗಡಿಯವರು ಮಾರುವುದಿಲ್ಲ, ಮನೆಯವರು ಕೊಡಬೇಕು.

ದಿವ್ಯ


ಮಾಕಳಿ
27 ಜುಲೈ 2014

ಮಗಳೇ ದಿವ್ಯ,

ನಿನ್ನ ಕಾಗದ ಓದಿ ಮೊದಲು ನಿನ್ನ ಮೇಲೇ ಸಿಟ್ಟು ಬಂತು. ಒಂದು ಸಾಲಿಗೆ ಇಷ್ಟು ಸತ್ಯವಂತೆಯೇ ಎಂದು. ಅದೇ ಸಿಟ್ಟನ್ನು ಜೇಬಿನಲ್ಲಿಟ್ಟುಕೊಂಡು ಭಾನುವಾರ ಹಿರಿಯರ ಮುಂದೆ ಕೂತೆ.

ನಡುಮನೆಯಲ್ಲಿ ಚಾಪೆಯ ಮೇಲೆ ಒಂಬತ್ತು ಜನ. ಮುನಿಯಲ್ಲಪ್ಪ ಕೈಚಾಚಿದ: “ಎಲ್ಲಿ ಬಾವ, ಪೂನಾ ಕಾಗ್ದ? ಓದಿ ಎಲ್ರಿಗೂ ಕೇಳ್ಲಿ.”

ಒಂದಕ್ಷರ ಬಿಡದೆ ಓದಿದೆ. ಇದೆ ಎನ್ನುವಷ್ಟು ಗಟ್ಟಿಯಿಲ್ಲ ಎಂಬಲ್ಲಿಗೆ ಬಂದಾಗಲೇ ಅವನು ತೊಡೆ ತಟ್ಟಿದ. “ಅಂಗಂದ್ರೆ ಇಲ್ಲ ಅಂತಾನೇ! ಪೂನಾದೋರೂ ಏಳಾಯ್ತಲ್ಲ, ಇನ್ನೇನು?” ಹಿರಿಯ ಆನಂದಪ್ಪನವರು ಎಲೆಯಡಿಕೆ ಜಗಿಯುತ್ತಾ, “ಚಿಕ್ಕಮುನಿಯಪ್ಪ, ಮನೆ ಅಂದ್ಮೇಲೆ ಕೆಲ್ಸ ಮಾಡೋರು ಬೇಕಪ್ಪ. ಆ ಹೆಣ್ಣು ಒಂದ್ ಕಡ್ಡಿ ಎತ್ತಲ್ವಂತೆ. ತವರಲ್ಲಿ ಸುಧಾರಿಸ್ಕೊಳ್ಲಿ ಬಿಡು” ಎಂದರು. ಶಿವರಾಮ ಚಾಪೆಯ ಕಡ್ಡಿ ಕೀಳುತ್ತಾ ಕೂತಿದ್ದ.

ಓದಿದ ಕಾಗದ ಮಡಚಿ ಜೇಬಿಗಿಟ್ಟೆ ದಿವ್ಯ. ಆಗ ಅಡುಗೆಮನೆಯಲ್ಲಿ ಮಿಕ್ಸಿ ಶುರುವಾಯಿತು. ನಮ್ಮ ಮಾತೇ ನಮಗೆ ಕೇಳದಷ್ಟು ಸದ್ದು. ಎಲ್ಲರೂ ಅದು ನಿಲ್ಲಲಿ ಎಂದು ಸುಮ್ಮನಾದರು. ನಿಂತಮೇಲೆ ನಾನು ಕೇಳಿದೆ:

“ಮುನಿಯಲ್ಲಪ್ಪ, ಏನದು ಸದ್ದು?”

“ಮಿಕ್ಸಿ ಕಣ್ ಬಾವ.”

“ಯಾರ್ ಆಡಿಸ್ತಿರೋದು?”

ಅವನು ಅಕ್ಕನ ಕಡೆ ನೋಡಿದ. ನಿನ್ನ ದೊಡ್ಡಮ್ಮ ನಮ್ಮ ಪಕ್ಕದಲ್ಲೇ ಬಾಗಿಲಿಗೆ ಒರಗಿ ನಿಂತಿದ್ದಳು, ವನಿತಾ ಭಾನುವಾರದ ಪಾಳಿಗೆ ಹೋಗಿದ್ದಳು.

“ಯಾರಿಗೆ ಮಸಾಲೆ ರುಬ್ತಾ ಅವ್ಳೆ? ನಮ್ಗೆ ಕಣಪ್ಪೋ! ಬೆಳಗ್ಗೆ ಐದು ಗಂಟೆಗೆ ಎದ್ದು ಒಂಬತ್ತು ಜನದ ಸಾರಿಗೆ ಕಾಳು ಬಿಡಿಸವ್ಳೆ. ಕಡ್ಡಿ ಎತ್ತಲ್ಲ ಅಂತ ತೀರ್ಮಾನ ಮಾಡಾಕೆ ಬಂದೋರಿಗೆ ಅವ್ಳ ಕೈಲೇ ಅಡ್ಗೆ! ಉಂಡು, ಕೈ ತೊಳ್ದು, ಅವ್ಳನ್ನ ಆಚೆಗೆ ಆಕ್ತೀರಾ? ನಾಚ್ಕೆ ಬೇಡ್ವೇನ್ರೋ ನಮ್ಗೆ? ನನ್ನೂ ಸೇರಿಸ್ಕೊಂಡೇ ಕೇಳ್ತಾ ಇವ್ನಿ!”

ಎದ್ದು ಹೋಗಿ ಗ್ಯಾಸ್ ಆರಿಸಿದೆ. “ಈವತ್ತು ಈ ಮನೇಲಿ ಊಟ ಇಲ್ಲ. ತೀರ್ಮಾನಾನೂ ಇಲ್ಲ. ಮಂಗಳವಾರ ಬನ್ನಿ, ಈ ಅಡ್ಗೆಗೆ ಅವ್ಳು ಏನ್ ಬೆಲೆ ಕೊಟ್ಟವ್ಳೆ ಅಂತ ನಿಮ್ ಕಣ್ಣಲ್ಲೇ ನೋಡಿ” ಎಂದೆ. ನೆಂಟರನ್ನು ಹಸಿದ ಹೊಟ್ಟೆಯಲ್ಲಿ ಕಳಿಸಿದ ಮನೆ ನಮ್ಮ ಕುಲದಲ್ಲಿ ಇನ್ನೊಂದಿಲ್ಲ. ಆನಂದಪ್ಪನವರು ಚಪ್ಪಲಿ ಮೆಟ್ಟುವಾಗ ನನ್ನ ಕಡೆ ತಿರುಗಲಿಲ್ಲ. ನಿನ್ನ ದೊಡ್ಡಮ್ಮ ಎರಡು ದಿನ ನನ್ನೊಂದಿಗೆ ಮಾತು ಬಿಟ್ಟಳು.

ಮಂಗಳವಾರ ಧನಲಕ್ಷ್ಮಿ ಏಳಲಿಲ್ಲ. ಯಾರೂ ಬರಲಾರರು ಎಂದುಕೊಂಡಿದ್ದೆ, ಮುನಿಯಲ್ಲಪ್ಪ ಬಂದ. ಕೋಣೆಯ ಬಾಗಿಲಲ್ಲಿ ನಿಂತು ನೋಡಿದ. ಶಿವರಾಮ ಗೋಡೆಗೆ ಒರಗಿ ಕೂತು ಅವಳಿಗೆ ಗಂಜಿ ಕುಡಿಸುತ್ತಿದ್ದ. ಲೋಟ ಹಿಡಿಯಲು ಅವಳ ಕೈ ಏಳುತ್ತಿರಲಿಲ್ಲ.

“ಜ್ವರ ಐತಾ ಬಾವ?”

“ಇಲ್ಲ.”

“ಮತ್ತೆ?”

“ಅದೇ.”

ಹೆಚ್ಚು ಹೊತ್ತು ನಿಲ್ಲಲಿಲ್ಲ. ತಪ್ಪಾಯಿತು ಎನ್ನುವ ಜಾತಿಯವನಲ್ಲ ಅವನು. ಆದರೆ ಆಷಾಢದ ಮಾತನ್ನು ಮತ್ತೆ ಎತ್ತಲಿಲ್ಲ. ಆಷಾಢವೂ ಮುಗಿಯಿತು. ಅವಳು ಇಲ್ಲೇ ಇದ್ದಾಳೆ. ಶಿವರಾಮ ಬೆಳಿಗ್ಗೆ ಮುದ್ದೆ ತಿರುವಿಟ್ಟು ಟೆಂಪೋ ತೆಗೆಯುತ್ತಾನೆ.

ಕಾಗದ ಮುಗಿಸುವ ಹೊತ್ತಿಗೆ ಅವಳು ಬಂದು, “ನಿಮ್ ಕಾಗದಗಳನ್ನೆಲ್ಲ ಓದ್ಬೇಕು ಮಾವ” ಎಂದಳು. ನಿನ್ನವು ಪೆಟ್ಟಿಗೆಯಲ್ಲಿದ್ದವು, ನನ್ನವುಗಳ ಕರಡೂ ಇದ್ದವು. ಕೊಟ್ಟೆ. ಮೂರು ದಿನ ಸ್ವಲ್ಪಸ್ವಲ್ಪವಾಗಿ ಓದಿದಳು. ಈಗ ಪೆನ್ನು ಕೇಳುತ್ತಿದ್ದಾಳೆ. ಕೊಡುತ್ತಿದ್ದೇನೆ.

ದೊಡ್ಡಪ್ಪ

ದಿವ್ಯಕ್ಕನಿಗೆ ಧನಲಕ್ಷ್ಮಿ ಬರೆಯುವುದು. ಜನವರಿಯಿಂದ ನೀವಿಬ್ಬರೂ ನನ್ನ ವಿಷಯ ಬರೆದಿದ್ದೀರಿ. ನಾನು ಎಷ್ಟು ಬಟ್ಟೆ ಒಗೆದೆ ಎಂದಿದೆ, ಯಾವ ದಿನ ತಲೆ ಬಾಚಲಿಲ್ಲ ಎಂದಿದೆ. ಎಲ್ಲಿ ನೋಯುತ್ತದೆ ಎಂದು ಎಲ್ಲೂ ಇಲ್ಲ. ಚೂರು ಪುಣೆಗೆ ಹೋಗುವಾಗಲೂ ಇಲ್ಲಿ ಸೈನ್ ಹಾಕು ಎಂದರು, ಹಾಕಿದೆ. ಏನು ಹುಡುಕುತ್ತಾರೆ ಎಂದು ಹೇಳಲಿಲ್ಲ. ಮಾವ ಒಳ್ಳೆಯವರು, ಅವರಿಗೂ ಕೇಳಲು ತೋಚಲಿಲ್ಲ.

ಎಡಗಡೆ ಪಕ್ಕೆಲುಬಿನ ಕೆಳಗೆ ನೋಯುತ್ತದೆ. ಉಂಡ ಅರ್ಧ ಗಂಟೆಗೆ ಶುರುವಾಗಿ ಬೆನ್ನಿಗೆ ಹೋಗುತ್ತದೆ. ಯಾರಾದರೂ ಕೇಳಿದರೆ ಹೇಳೋಣವೆಂದು ಒಂದೂವರೆ ವರ್ಷ ಕಾದೆ. ಇನ್ನು ಮುಂದೆ ನನಗೇ ಬರೆಯಿರಿ. ಉದ್ದ ಬರೆಯಬೇಡಿ, ಓದಿದರೆ ಸುಸ್ತಾಗುತ್ತದೆ.